ಹಂಪಿ ಪ್ರವಾಸಕ್ಕೆ ಮುಂಚೆ ಒಂದು ಮಾತುಕತೆ

ಎಲ್ಲರಿಗೂ ನಮಸ್ಕಾರ. ಹಂಪಿಗೆ ಹೆಸರು ಕೊಟ್ಟವರೆಲ್ಲ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ಗೆ ಬನ್ನಿ. ವಿಷಯ: ಹಂಪಿಗೆ ಜನ ನೋಡಲು ಬರತೊಡಗಿದ ಕಥೆ.

1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋಗಳನ್ನು ತೋರಿಸುತ್ತೇವೆ. ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು! ಈಗಿಲ್ಲ. 50 ರೂಪಾಯಿ ನೋಟಿನಲ್ಲೂ ಗೋಪುರವಿಲ್ಲದ ರಥವೇ ಇದೆ, ನೋಡಿ.

1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಹಂಪಿ, 1999ರಲ್ಲಿ ಅದರ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೂ ಸೇರಿತು. ಅಲ್ಲಿ ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆ ಕೆಲಸ ಮುಖ್ಯ ಕಾರಣ. 2006ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಪ್ರವಾಸಿಗರಿಗೆ ರಸ್ತೆ ಬೇಕು, ಊರಿನವರಿಗೂ ಬೇಕು. ಚರ್ಚೆ ಜೋರಾಗುತ್ತೆ ಅಲ್ವಾ?

ಮನೆಯಲ್ಲಿ ಹಂಪಿಯ ಹಳೆಯ ಫೋಟೋ ಇದ್ದರೆ ಶುಕ್ರವಾರದೊಳಗೆ ಇಲ್ಲಿ ಹಾಕಿ. ಬರುವವರು ‘ಬರ್ತೀನಿ’ ಅಂತ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗಲ್ಲ. ಲಿಂಕ್ ಶನಿವಾರ ಕಳಿಸುತ್ತೇನೆ.