ಪ್ರಭೇದದ ಹೆಸರು ಸಾಲದು, ತಳಿಯ ಹೆಸರೂ ಬೇಕು

ಮಾನ್ಯ ಸಂಪಾದಕರೇ,

ಕರುಳಿನ ‘ಒಳ್ಳೆಯ ಬ್ಯಾಕ್ಟೀರಿಯಾ’ಗಳ ಬಗ್ಗೆ ತಮ್ಮ ಆರೋಗ್ಯ ಪುಟದಲ್ಲಿ ಆಗಾಗ ಲೇಖನಗಳು ಬರುತ್ತಿರುವುದು ಸಂತೋಷದ ವಿಷಯ. ಆದರೆ ಆ ಲೇಖನಗಳಲ್ಲಾಗಲಿ, ಅವುಗಳ ಪಕ್ಕದಲ್ಲೇ ಅಚ್ಚಾಗುವ ಕ್ಯಾಪ್ಸೂಲ್ ಜಾಹೀರಾತುಗಳಲ್ಲಾಗಲಿ ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ ಎಂಬ ಕುಲದ ಹೆಸರೋ, ಹೆಚ್ಚೆಂದರೆ ಪ್ರಭೇದದ ಹೆಸರೋ ಇರುತ್ತದೆಯೇ ಹೊರತು ತಳಿಯ (ಅಂದರೆ ಒಂದೇ ಪ್ರಭೇದದೊಳಗಿನ ನಿರ್ದಿಷ್ಟ ವಂಶದ, ಸ್ಟ್ರೈನ್‌ನ) ಹೆಸರು ಕಾಣುವುದಿಲ್ಲ. ಬಹಳ ವರ್ಷ ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದ ನನಗೆ ಇದನ್ನು ಸಣ್ಣ ಲೋಪವೆಂದು ಬಿಟ್ಟುಬಿಡಲು ಮನಸ್ಸು ಬರುತ್ತಿಲ್ಲ.

ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಪ್ರಭೇದವನ್ನೇ ತೆಗೆದುಕೊಳ್ಳೋಣ. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿರುವ ಕೆ-12 ತಳಿ, 1922ರಲ್ಲಿ ಅಮೆರಿಕದಲ್ಲಿ ಡಿಫ್ತೀರಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬನ ಮಲದಿಂದ ಬೇರ್ಪಡಿಸಿದ ನಿರುಪದ್ರವಿ. ಓ157:ಎಚ್7 ರಕ್ತಭೇದಿ ತಂದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಸಿಎಫ್‌ಟಿ073 ಮೂತ್ರಕೋಶದಿಂದ ಮೇಲೇರಿ ಸೋಂಕು ಹಬ್ಬಿಸುತ್ತದೆ. 2002ರಲ್ಲಿ ಈ ಮೂರರ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎ ಬರಹವನ್ನು, ಹೋಲಿಸಿ ನೋಡಿದಾಗ, ಮೂರೂ ಸೇರಿ ತಯಾರಿಸಬಲ್ಲ ಒಟ್ಟು ಪ್ರೋಟೀನುಗಳ ಪೈಕಿ ಮೂರರಲ್ಲೂ ಇದ್ದವು ಶೇ 39.2 ಮಾತ್ರ. ಒಂದೇ ಗೋತ್ರ ಹೇಳಿಕೊಳ್ಳುವ ಈ ಮೂವರ ನಡುವೆ ಇಷ್ಟು ದೂರವಿರುವಾಗ, ‘ಇದರಲ್ಲಿ ಇಂಥ ಪ್ರಭೇದವಿದೆ’ ಎಂಬ ಮಾತಿನಿಂದ ಓದುಗನಿಗೆ ತಿಳಿಯುವುದಾದರೂ ಏನು?

ಇದೇ ಪ್ರಭೇದದಲ್ಲಿ ಔಷಧವಾಗಿ ಮಾರಾಟವಾಗುವ ತಳಿಯೊಂದೂ ಇದೆ. ಒಂದನೇ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನಿಯ ಫ್ರೈಬರ್ಗ್‌ನ ವೈದ್ಯ ಆಲ್‌ಫ್ರೆಡ್ ನಿಸ್ಲೆ, ಸುತ್ತಲಿನವರೆಲ್ಲ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ತರುವ ಭೇದಿಯಿಂದ ನರಳುತ್ತಿದ್ದಾಗಲೂ ಆರೋಗ್ಯವಾಗಿಯೇ ಉಳಿದ ಸೈನಿಕನೊಬ್ಬನ ಮಲದಿಂದ ಅದನ್ನು ಬೇರ್ಪಡಿಸಿದರು. ಕರುಳಿನ ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಎಷ್ಟರ ಮಟ್ಟಿಗೆ ಹತ್ತಿಕ್ಕುತ್ತದೆ ಎಂಬುದನ್ನು ತಟ್ಟೆಗಳ ಮೇಲೆ ಒಟ್ಟಿಗೆ ಬೆಳೆಸಿ ಅಳೆಯುವ ಕೆಲಸದಲ್ಲಿ ಅವರು ಅದಕ್ಕೂ ಮುಂಚೆಯೇ ತೊಡಗಿದ್ದರು. ‘ಇ. ಕೋಲಿ ನಿಸ್ಲೆ 1917’ ಎಂದು ಹೆಸರಾದ ಆ ತಳಿ ಇಂದು ಜರ್ಮನಿಯ ಸೂಕ್ಷ್ಮಜೀವಿ ಸಂಗ್ರಹದಲ್ಲಿ ಡಿಎಸ್‌ಎಂ 6601 ಎಂಬ ಸಂಖ್ಯೆಯಲ್ಲಿದೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್ ಇದ್ದ 327 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ವರ್ಷದ ಪರೀಕ್ಷೆಯಲ್ಲಿ, ಕಟ್ಟುನಿಟ್ಟಾಗಿ ನಿಯಮ ಪಾಲಿಸಿದವರ ಪೈಕಿ ಕಾಯಿಲೆ ಮರುಕಳಿಸಿದ್ದು ಈ ತಳಿ ಪಡೆದವರಲ್ಲಿ ಶೇ 36.4, ವಾಡಿಕೆಯ ಔಷಧವಾದ ಮೆಸಲಮೈನ್ ಪಡೆದವರಲ್ಲಿ ಶೇ 33.9, ಅಂದರೆ ಹೆಚ್ಚುಕಡಿಮೆ ಸಮ. ಆ ಫಲಿತಾಂಶ ನಿಸ್ಲೆ ತಳಿಗೆ ಸೇರಿದ್ದು; ಅದನ್ನು ಬೇರೊಂದು ಇ. ಕೋಲಿಯ ಲೆಕ್ಕಕ್ಕೆ ಬರೆದುಕೊಳ್ಳಲು ಬರುವುದಿಲ್ಲ.

ತಳಿಯೊಂದನ್ನು ಗುರುತಿಸುವುದೆಂದರೆ ಅದಕ್ಕೆ ಹೆಸರಿಡುವುದಷ್ಟೇ ಎಂಬ ಭಾವನೆ ವಿದ್ಯಾರ್ಥಿಗಳಲ್ಲೂ ಇತ್ತು. ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಅಗರ್ ಎಂಬ ಮಾಧ್ಯಮದ ಮೇಲೆ ಗೀರಿ, ಒಂಟಿ ಕಾಲನಿಯನ್ನು ಆರಿಸಿ, ಮತ್ತೆ ಮತ್ತೆ ಬೆಳೆಸಿ ಶುದ್ಧಪಡಿಸುವುದು ಮೊದಲ ಮೆಟ್ಟಿಲು, ಅಷ್ಟೇ. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ 16ಎಸ್ ಎಂಬ ಜೀನಿನ ಪರೀಕ್ಷೆ ಇ. ಕೋಲಿಯನ್ನು ಅದರ ದಾಯಾದಿಯಾದ ಶಿಗೆಲ್ಲಾದಿಂದ ಸಹ ಬೇರೆ ಮಾಡಿ ತೋರಿಸಲಾರದು (ನಿಸ್ಲೆಯವರ ಸೈನಿಕನ ಹೊಟ್ಟೆಯಲ್ಲಿ ನಡೆದದ್ದೂ ಒಂದು ಬಗೆಯ ದಾಯಾದಿ ಕಲಹವೇ ಇರಬೇಕು). ಆದ್ದರಿಂದ ಇಡೀ ಜೀನೋಮನ್ನು ಓದಬೇಕಾಗುತ್ತದೆ. ಪ್ರತಿಜೀವಕಗಳಿಗೆ ಮಣಿಯದ ಜೀನುಗಳಿದ್ದರೆ ಅವು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಬಲ್ಲ ಪ್ಲಾಸ್ಮಿಡ್ (ಮುಖ್ಯ ವರ್ಣತಂತುವಿನಿಂದ ಬೇರೆಯಾದ ಪುಟ್ಟ ಡಿಎನ್‌ಎ ತುಣುಕು) ಮೇಲಿವೆಯೇ ಎಂದು ನೋಡಬೇಕಾಗುತ್ತದೆ. ರಕ್ತದ ಅಗರ್ ಮೇಲೆ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆಯೇ, ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಬದುಕುತ್ತದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ನಿಸ್ಲೆ ತಳಿಯ ವಿಷಯದಲ್ಲಿ ಹೀಗೆ ತಿಳಿದುಬಂದ ಸಂಗತಿಗಳು ಸ್ವಾರಸ್ಯಕರ. ಅದರ ಹತ್ತಿರದ ನೆಂಟ ಮೇಲೆ ಹೇಳಿದ ಸಿಎಫ್‌ಟಿ073. ಆದರೆ ಆ ನೆಂಟನಲ್ಲಿರುವ ಹೀಮೊಲೈಸಿನ್ ವಿಷ ಇದರಲ್ಲಿಲ್ಲ. ಒಂದೇ ಒಂದು ಜೀನಿನಲ್ಲಾದ ಬದಲಾವಣೆಯಿಂದ ಇದರ ಹೊರಪೊರೆಯ ಸಕ್ಕರೆ ಸರಪಳಿ ಮೊಟಕಾಗಿದ್ದು, ಮನುಷ್ಯನ ರಕ್ತದ್ರವಕ್ಕೆ ಸಿಕ್ಕರೆ ಇದು ಸಾಯುತ್ತದೆ. ಕಬ್ಬಿಣವನ್ನು ಹೀರಿಕೊಳ್ಳುವ ಹಲವು ವ್ಯವಸ್ಥೆಗಳೂ, ಎದುರಾಳಿಗಳನ್ನು ಕೊಲ್ಲುವ ಮೈಕ್ರೊಸಿನ್‌ಗಳೂ ಇದರಲ್ಲಿವೆ. ಇದಕ್ಕೇ ವಿಶಿಷ್ಟವಾದ ಎರಡು ಪುಟ್ಟ ಪ್ಲಾಸ್ಮಿಡ್‌ಗಳಂತೂ ಇದರ ಗುರುತುಚೀಟಿಯಂತೆ ಕೆಲಸಕ್ಕೆ ಬರುತ್ತವೆ.

ಇಷ್ಟಾದರೂ ಕಥೆ ಮುಗಿಯಲಿಲ್ಲ. ಕೆಲವು ಇ. ಕೋಲಿಗಳು ಕೊಲಿಬ್ಯಾಕ್ಟಿನ್ ಎಂಬ, ನಮ್ಮ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುವ ವಸ್ತುವನ್ನು ತಯಾರಿಸುತ್ತವೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಅದನ್ನು ತಯಾರಿಸುವ ಜೀನುಗಳ ಗೊಂಚಲು, ಅಷ್ಟು ಹೊತ್ತಿಗೆ ಸುಮಾರು ತೊಂಬತ್ತು ವರ್ಷ ಬಳಕೆಯಲ್ಲಿದ್ದ ನಿಸ್ಲೆ ತಳಿಯಲ್ಲೂ ಇತ್ತು. ಅದನ್ನು ಕಿತ್ತುಹಾಕಿದರಾಯಿತು ಎಂದು ಹೊರಟರೆ ತಳಿಯ ಉಪಕಾರದ ಗುಣವೂ ಹೋಗುತ್ತದೆಂದು 2012ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಹೇಳಿತು. ಆ ಗೊಂಚಲಿನ ಒಂದು ಜೀನನ್ನು ಸೂಕ್ಷ್ಮವಾಗಿ ತಿದ್ದಿ, ವಿಷವನ್ನು ನಿಲ್ಲಿಸಿ ಮೈಕ್ರೊಸಿನ್‌ಗಳನ್ನು ಉಳಿಸಿಕೊಳ್ಳಬಹುದೆಂದು 2019ರಲ್ಲಿ ತಿಳಿಯಿತು. ಇದನ್ನು ಓದುಗರನ್ನು ಹೆದರಿಸಲು ಬರೆಯುತ್ತಿಲ್ಲ. ತಳಿಗೆ ಖಚಿತವಾದ ಹೆಸರೂ ಸಂಗ್ರಹದಲ್ಲಿ ಮಾದರಿಯೂ ಇದ್ದುದರಿಂದಲೇ ಹೊಸ ದೋಷವೊಂದು ಕಂಡಾಗ ಹಿಂದಿರುಗಿ ಪರಿಶೀಲಿಸಲು ಸಾಧ್ಯವಾಯಿತು. ಹೆಸರಿಲ್ಲದ ಕ್ಯಾಪ್ಸೂಲಿನಲ್ಲಿ ಏನಿತ್ತೆಂದು ಹತ್ತು ವರ್ಷಗಳ ನಂತರ ಯಾರನ್ನು ಕೇಳುವುದು?

ಇಲ್ಲಿ ಮನೆಯ ಮೊಸರಿನ ಮಾತೂ ಬರುತ್ತದೆ. ಪಕ್ಕದ ಮನೆಯಿಂದ ಹೆಪ್ಪು ತಂದು ಮಾಡಿದ ಮೊಸರು ಉತ್ತಮ ಆಹಾರ, ನಾನೂ ದಿನವೂ ಉಣ್ಣುತ್ತೇನೆ. ಆದರೆ ಮನೆಯಿಂದ ಮನೆಗೆ ಬದಲಾಗುವ ಆ ಹೆಪ್ಪಿಗೆ, ಪರೀಕ್ಷೆಗೆ ಒಳಗಾದ ಯಾವುದೋ ತಳಿಯ ಗುಣವನ್ನು ಆರೋಪಿಸುವುದು ಸರಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಆಹಾರದಲ್ಲಿನ ಪ್ರೊಬಯಾಟಿಕ್‌ಗಳಿಗಾಗಿ (ಆರೋಗ್ಯಕ್ಕೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿಗಳಿಗಾಗಿ) 2011ರಲ್ಲೇ ಹೊರಡಿಸಿದ ಮಾರ್ಗಸೂಚಿ, ಕುಲ ಮತ್ತು ಪ್ರಭೇದದ ಜೊತೆಗೆ ತಳಿಯನ್ನೂ ಲೇಬಲ್ ಮೇಲೆ ನಮೂದಿಸಬೇಕೆಂದೂ, ತಳಿಯನ್ನು ಮಾನ್ಯತೆ ಪಡೆದ ಸಂಗ್ರಹದಲ್ಲಿ ಇಡಬೇಕೆಂದೂ ಹೇಳಿದೆ. ಅಂಥ ಸಂಗ್ರಹಗಳು ಚಂಡೀಗಢದಲ್ಲೂ ಪುಣೆಯಲ್ಲೂ ಇವೆ. ಹೀಗಿದ್ದರೂ ಕಳೆದ ತಿಂಗಳು ನೆರೆಮನೆಯವರು ತಂದು ತೋರಿಸಿದ ಕ್ಯಾಪ್ಸೂಲ್ ಡಬ್ಬಿಯ ಮೇಲೆ ಬ್ಯಾಕ್ಟೀರಿಯಾಗಳ ಕೋಟಿಗಳ ಲೆಕ್ಕ ದಪ್ಪ ಅಕ್ಷರಗಳಲ್ಲಿತ್ತು, ತಳಿಯ ಸುಳಿವು ಎಲ್ಲೂ ಇರಲಿಲ್ಲ.

ಇಂಥ ಸಂಶೋಧನೆಗಳನ್ನು ವರದಿ ಮಾಡುವಾಗ ತಳಿಯ ಪೂರ್ಣ ಹೆಸರನ್ನೂ, ಪರೀಕ್ಷೆ ನಡೆದದ್ದು ಮನುಷ್ಯರ ಮೇಲೋ ಇಲಿಗಳ ಮೇಲೋ ಎಂಬುದನ್ನೂ ಒಂದು ಸಾಲಿನಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ. ಜಾಹೀರಾತು ವಿಭಾಗಕ್ಕೂ ಈ ಮಾತು ತಲುಪಿದರೆ ಇನ್ನೂ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಸೂಕ್ಷ್ಮಜೀವಿಶಾಸ್ತ್ರದ ನಿವೃತ್ತ ಅಧ್ಯಾಪಕ, ಧಾರವಾಡ