ಗೇಟಿನಲ್ಲಿ ನಿಂತ ವಿಮಾನದ ಶಾಂಪೇನ್ ಮತ್ತು ಸುಂಕದ ಸೀಲು

ಮಾನ್ಯ ಸಂಪಾದಕರೇ,

ಒಂದು ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನ ಸೀಟಿನಲ್ಲಿ ಕೂತ ಕೂಡಲೇ ಶಾಂಪೇನ್ ಬರುತ್ತದೆ. ಅಷ್ಟೇ ದುಡ್ಡು ಕೊಟ್ಟು ಹತ್ತಿದ ಇನ್ನೊಂದರಲ್ಲಿ ಹಣ್ಣಿನ ರಸ, ಇಲ್ಲವೆಂದರೆ ನೀರು. ಒಂದೇ ಸಂಸ್ಥೆ ಹೋಗುವಾಗ ಕೊಟ್ಟು ಬರುವಾಗ ಕೊಡದಿರುವುದೂ ಉಂಟು. ಓದುಗರ ಅಂಕಣಗಳಲ್ಲಿ ಈ ದೂರು ಆಗಾಗ ಕಾಣುತ್ತದೆ. ಕಂಪನಿಯವರದು ಕೈ ಬಿಗಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೈ ಬಿಗಿ ಇರುವ ಕಂಪನಿಗಳು ಇಲ್ಲವೆಂದಲ್ಲ. ಆದರೆ ನೆಲದ ಮೇಲೆ ನಿಂತ ವಿಮಾನದಲ್ಲಿ ಮದ್ಯ ಸಿಗುತ್ತದೋ ಇಲ್ಲವೋ ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಬೇರೆಯೇ ಸಂಗತಿ: ಆ ಬಾಟಲಿಗೆ ಸುಂಕ ಕಟ್ಟಿದ್ದಾರೋ ಇಲ್ಲವೋ.

ಅಂತರರಾಷ್ಟ್ರೀಯ ಹಾರಾಟಕ್ಕೆ ಏರಿಸುವ ಮದ್ಯ ಸಾಮಾನ್ಯವಾಗಿ ಸುಂಕ ಕಟ್ಟದ ಸರಕು. ದೇಶದೊಳಗೆ ಖರ್ಚಾಗುವುದಿಲ್ಲ, ಹೊರಗೆ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಅದು ಕಸ್ಟಮ್ಸ್ ಗೋದಾಮಿನಿಂದ ಬಿಡುಗಡೆಯಾಗಿರುತ್ತದೆ. ಹೊರದೇಶದಿಂದ ಬಂದಿಳಿದ ವಿಮಾನದೊಳಗಿನ ದಾಸ್ತಾನಿನ ಕಥೆಯೂ ಇದೇ. 1944ರ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ಸಹಿಯಾದ ನಾಗರಿಕ ವಿಮಾನಯಾನ ಒಪ್ಪಂದದ 24ನೇ ವಿಧಿ ಇಂಧನ, ಬಿಡಿಭಾಗಗಳ ಜೊತೆಗೆ ಇಂಥ ದಾಸ್ತಾನಿಗೂ ಸುಂಕದ ವಿನಾಯಿತಿ ಕೊಡುತ್ತದೆ. ಷರತ್ತು ಏನೆಂದರೆ, ಅದು ವಿಮಾನದಲ್ಲೇ ಉಳಿದು ಆ ದೇಶ ಬಿಡಬೇಕು. ಗೇಟಿನಲ್ಲಿ ಕುಡಿದದ್ದೂ ಪ್ರಯಾಣಿಕರ ಹೊಟ್ಟೆಯೊಳಗೆ ವಿಮಾನದಲ್ಲೇ ಹೋಯಿತಲ್ಲ ಎಂದು ವಾದಿಸಬಹುದು. ಕಸ್ಟಮ್ಸ್‌ನವರು ಇದಕ್ಕೆ ನಗುವವರಲ್ಲ. ಈ ವಿನಾಯಿತಿಯನ್ನು ಒಂದೊಂದು ದೇಶ ಒಂದೊಂದು ರೀತಿ ಜಾರಿಗೆ ತಂದಿದೆ. ಕೆಲವೆಡೆ ಹೊರದೇಶಕ್ಕೆ ಹೊರಟ ವಿಮಾನ ಎಂದಾದ ಮೇಲೆ ಗೇಟಿನಲ್ಲಿದ್ದರೂ ತಕರಾರಿಲ್ಲ. ಕೆಲವೆಡೆ ವಿಮಾನ ಹೊರಡುವ ತನಕ ಸೀಲು ಹಾಕಿದ ಬಾರ್, ಅಂದರೆ ಮದ್ಯದ ಟ್ರಾಲಿ, ಮುಟ್ಟುವಂತಿಲ್ಲ. ಹೋಗುವಾಗ ಸಿಕ್ಕಿದ್ದು ಬರುವಾಗ ಸಿಗದಿರಲು ಬಹಳ ಸಲ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸೀಲು ಎಂದರೆ ಏನೋ ದೊಡ್ಡ ಬೀಗವಲ್ಲ. ಬಾರ್ ಟ್ರಾಲಿ ಸುಮಾರು 30 ಸೆಂ.ಮೀ. ಅಗಲ, 80 ಸೆಂ.ಮೀ. ಆಳ, ಒಂದು ಮೀಟರ್‌ಗಿಂತ ತುಸು ಎತ್ತರದ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗಿನ ಡ್ರಾಯರ್‌ಗಳಲ್ಲಿ 50 ಮಿ.ಲೀ.ಯ ಪುಟ್ಟ ಬಾಟಲಿಗಳು, 187 ಮಿ.ಲೀ.ಯ ವೈನ್, 750 ಮಿ.ಲೀ.ಯ ಪೂರ್ತಿ ಬಾಟಲಿಗಳು. ಬಾಗಿಲ ಚಿಲಕಕ್ಕೆ ಪೋಣಿಸಿರುವುದು ನಂಬರ್ ಇರುವ ಒಂದು ಪ್ಲಾಸ್ಟಿಕ್ ಪಟ್ಟಿ. ಎಳೆದರೆ ಕಿತ್ತು ಬರುತ್ತದೆ, ಮತ್ತೆ ಕೂಡಿಸಲಾಗದು. ಆ ನಂಬರು ಟ್ರಾಲಿಯ ಜೊತೆ ಬರುವ ಬಾರ್ ಶೀಟಿನಲ್ಲಿ ಇರುತ್ತದೆ. ಯಾವ ಬಾಟಲಿ ಎಷ್ಟಿತ್ತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದನ್ನು ಸಿಬ್ಬಂದಿ ಅದರಲ್ಲೇ ತುಂಬಿ, ಇಳಿಯುವ ಮುಂಚೆ ಹೊಸ ಸೀಲು ಹಾಕಿ ಅದರ ನಂಬರನ್ನೂ ಬರೆಯಬೇಕು. ನಂಬರು ತಾಳೆಯಾಗದಿದ್ದರೆ ತಪಾಸಣೆ, ದಂಡ. ಸೀಟಿನಲ್ಲಿ ಕೂತವರಿಗೆ ಕಾಣುವುದು ಶಾಂಪೇನ್ ಇರುವ ಟ್ರಾಲಿ. ಅದರ ಪಕ್ಕ ನಿಂತ ಗಗನಸಖಿಗೆ ಕಾಣುವುದು ಆ ಪಟ್ಟಿ.

ಇದಕ್ಕೆ ದಾರಿ ಇಲ್ಲವೇ? ಇದೆ. ಸುಂಕ ಕಟ್ಟಿದ ಕೆಲವು ಬಾಟಲಿಗಳನ್ನು ಪ್ರತ್ಯೇಕವಾಗಿ ಏರಿಸಿ, ಅವನ್ನು ಸೀಲಿನಿಂದ ಹೊರಗಿಟ್ಟು, ನೆಲದಲ್ಲಿ ಅದನ್ನೇ ಕೊಡುವುದು. ಖರ್ಚೇನೂ ಭಯಂಕರವಲ್ಲ. 30 ಸೀಟಿನ ಕ್ಯಾಬಿನ್‌ನಲ್ಲಿ ಎಲ್ಲರೂ ತಲಾ 100 ಮಿ.ಲೀ. ತೆಗೆದುಕೊಂಡರೂ ಮೂರು ಲೀಟರ್, ಅಂದರೆ ನಾಲ್ಕು ಬಾಟಲಿ. ತಲೆನೋವಿರುವುದು ಎರಡೆರಡು ಲೆಕ್ಕದಲ್ಲಿ. ಒಂದೇ ಹೆಸರಿನ ಶಾಂಪೇನ್ ಸುಂಕ ಕಟ್ಟಿದ್ದೂ ಕಟ್ಟದ್ದೂ ಒಂದೇ ಗ್ಯಾಲಿಯಲ್ಲಿ (ವಿಮಾನದ ಅಡುಗೆಮನೆ) ಇದ್ದರೆ ಗಡಿಬಿಡಿಯಲ್ಲಿ ಅದಲುಬದಲಾಗುವುದು ಖಂಡಿತ. ಹಾಗಾಗಿ ಬೇರೆ ಲೇಬಲ್‌ನದ್ದು, ಬಹುತೇಕ ಅಗ್ಗದ್ದು, ನೆಲಕ್ಕೆಂದೇ ಇಡುತ್ತಾರೆ. ಮೆನುವಿನಲ್ಲಿ ಒಂದು ಹೆಸರು ಓದಿ ಕೈಯಲ್ಲಿ ಇನ್ನೊಂದು ಬಂದಾಗ ಮೋಸ ಎನ್ನುವವರು ಮೇಲೇರಿದ ಮೇಲೆ ಇನ್ನೊಂದು ಗ್ಲಾಸು ಕೇಳಿ ನೋಡಬೇಕು.

ಹಾಗಿದ್ದರೆ ಅಮೆರಿಕದಂಥ ದೇಶಗಳ ಒಳಗಿನ ಹಾರಾಟದಲ್ಲಿ ವ್ಯತ್ಯಾಸವೇಕೆ? ಅಲ್ಲಿ ಏರಿಸುವುದೆಲ್ಲ ತೆರಿಗೆ ಕಟ್ಟಿದ ಮದ್ಯವೇ, ಸೀಲಿನ ಕಾಟವಿಲ್ಲ. ಅಲ್ಲಿ ಆಳುವುದು ಗಡಿಯಾರ. ಅಮೆರಿಕದ ಫೆಡರಲ್ ವಿಮಾನಯಾನ ನಿಯಮ 121.577ರ ಪ್ರಕಾರ, ಕಂಪನಿ ಕೊಟ್ಟ ತಿಂಡಿ, ಪಾನೀಯ, ಪಾತ್ರೆ ಯಾವುದಾದರೂ ಪ್ರಯಾಣಿಕರ ಸೀಟಿನ ಬಳಿ ಇದ್ದರೆ ವಿಮಾನ ಹಾರುವುದಿರಲಿ, ನೆಲದ ಮೇಲೆ ಕದಲುವಂತೆಯೂ ಇಲ್ಲ. ಅಂದರೆ ಕೊಟ್ಟ ಗ್ಲಾಸನ್ನೆಲ್ಲ ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳುವ ಮುಂಚೆ ವಾಪಸು ಪಡೆದು, ರ‍್ಯಾಕ್‌ನಲ್ಲಿಟ್ಟು, ಗ್ಯಾಲಿಯ ಪ್ರತಿ ಚಿಲಕವನ್ನೂ ಹಾಕಿ ಮುಗಿಸಬೇಕು. ಟೇಕ್‌ಆಫ್ ಮಧ್ಯದಲ್ಲೇ ಕೈಬಿಟ್ಟು ಪೈಲಟ್ ಜೋರಾಗಿ ಬ್ರೇಕ್ ಹಾಕಿದರೆ ಬಿಟ್ಟಿದ್ದ ಒಂದೇ ಒಂದು ಗಾಜಿನ ಲೋಟ ಮುಂದಿನವರ ತಲೆಗೆ ಕಲ್ಲಾಗುತ್ತದೆ. ಇದೊಂದು ಕಡೆ ಸುರಕ್ಷತೆ ಎಂಬ ಮಾತಿಗೆ ನಿಜವಾದ ತೂಕವಿದೆ.

ಲೆಕ್ಕ ಹಾಕಿ ನೋಡಿ. ಮುಂದೆ 12 ಸೀಟು, ಅದಕ್ಕೊಬ್ಬರೇ ಸಿಬ್ಬಂದಿ. ಕೇಳುವುದು, ಸುರಿಯುವುದು, ಕೊಡುವುದು, ವಾಪಸು ಪಡೆಯುವುದು ಎಲ್ಲ ಸೇರಿ ತಲಾ ಒಂದೂವರೆ ನಿಮಿಷ ಹಿಡಿದರೆ 18 ನಿಮಿಷ. ಹತ್ತಿಸುವ ಕೆಲಸಕ್ಕೆ ಸಿಗುವುದು ಅರ್ಧ ಗಂಟೆ ಆಸುಪಾಸು. ಆ ಹೊತ್ತಿನಲ್ಲೇ ಹಿಂದಿನ 140 ಜನ ಚೀಲ ಎಳೆದುಕೊಂಡು ಸೀಟುಗಳ ನಡುವಿನ ಇದೇ ಸಂದಿಯಲ್ಲಿ ಸಾಗಬೇಕು, ಏಕೆಂದರೆ ಒಂದೇ ಓಣಿಯ ವಿಮಾನಕ್ಕೆ ಹತ್ತುವ ಬಾಗಿಲು ಸಾಮಾನ್ಯವಾಗಿ ಮುಂದಿನದೇ. ಟ್ರೇ ಹಿಡಿದು ಆ ಪ್ರವಾಹಕ್ಕೆ ಎದುರು ಈಜಿದವರಿಗೇ ಗೊತ್ತು ಆ ಕಷ್ಟ. ಎರಡು ಓಣಿಯ ದೊಡ್ಡ ವಿಮಾನದಲ್ಲಿ ಎರಡನೇ ಬಾಗಿಲಿನಿಂದ ಹತ್ತಿಸಿದರೆ ಮುಂದಿನ ಕ್ಯಾಬಿನ್ ತಣ್ಣಗಿರುತ್ತದೆ, ಸಿಬ್ಬಂದಿಯೂ ಹೆಚ್ಚು. ಒಂದೇ ಕಂಪನಿಯ ಎರಡು ವಿಮಾನಗಳಲ್ಲಿ ಉಪಚಾರ ಬೇರೆಯಾಗಲು ಈ ಬಾಗಿಲಿನ ಜಾಗವೂ ಸಾಕು. ಹತ್ತುವ ಹೊತ್ತಿನಲ್ಲೇ ಇಂಧನ ತುಂಬುತ್ತಿದ್ದರೆ ಸಿಬ್ಬಂದಿ ಜನರನ್ನು ತಕ್ಷಣ ಇಳಿಸಲು ಸಿದ್ಧರಾಗಿರಬೇಕು, ದಾರಿ ತೆರವಾಗಿರಬೇಕು. ಆಗಲೂ ಟ್ರೇ ಹಿಂದಕ್ಕೆ ಸರಿಯುತ್ತದೆ.

ಸಂಬಳದ ಮಾತನ್ನೂ ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ಗಗನಸಖಿಯರ ಗಂಟೆಯ ಲೆಕ್ಕ ಬಹುಕಾಲ ಶುರುವಾಗುತ್ತಿದ್ದದ್ದು ಬಾಗಿಲು ಮುಚ್ಚಿದ ಮೇಲೆ. ಹತ್ತಿಸುವ ಹೊತ್ತಿಗೂ ಸಂಬಳ, ಅದೂ ಅರ್ಧ ದರದಲ್ಲಿ, ಎಂದು ಡೆಲ್ಟಾ ಜಾರಿಗೆ ತಂದದ್ದು 2022ರಲ್ಲಿ. ಪುಕ್ಕಟೆಯಾಗಿ ಇಲ್ಲವೇ ಅರ್ಧ ಸಂಬಳಕ್ಕೆ ಮಾಡಬೇಕಾದ ಅರ್ಧ ಗಂಟೆಯಲ್ಲಿ ಒಬ್ಬರು ಉತ್ಸಾಹದಿಂದ ಸುರಿದರೆ ಇನ್ನೊಬ್ಬರು ನೀರಿನ ಬಾಟಲಿ ಇಟ್ಟು ಹೋಗುವುದರಲ್ಲಿ ಅಚ್ಚರಿಯೇನಿಲ್ಲ.

ವಿಸ್ಕಿ ಕೇಳಿದರೆ ಶಾಂಪೇನ್ ಮಾತ್ರ ಎನ್ನುವುದೇಕೆ ಎಂಬುದು ಇನ್ನೊಂದು ಪ್ರಶ್ನೆ. ವಿಸ್ಕಿಗೆ ಐಸ್ ಡ್ರಾಯರ್, ಸೋಡಾ, ಬೇರೆ ಗ್ಲಾಸು ಬೇಕು. ಮೂರು ಚಿಲಕ ತೆಗೆದು ಮೂರನ್ನೂ ಹಾಕಬೇಕು. ಶಾಂಪೇನ್‌ಗೆ ಬಾಟಲಿ ಒಂದು, ಟ್ರೇ ಒಂದು. ಅದಕ್ಕೂ ಅದರದ್ದೇ ಕಾಟವಿದೆ. ಬಾಟಲಿಯೊಳಗಿನ ಒತ್ತಡ ಕೋಣೆಯ ಉಷ್ಣತೆಯಲ್ಲಿ ಹೊರಗಿನ ಗಾಳಿಯ ಒತ್ತಡದ ಸುಮಾರು ಆರು ಪಟ್ಟು. ಕೇಟರಿಂಗ್ ಲಾರಿ ತಡವಾಗಿ, ಡ್ರೈ ಐಸ್ ಆವಿಯಾಗಿ ಹೋಗಿ, ಬಾಟಲಿ ಬೆಚ್ಚಗಾಗಿದ್ದರೆ ಅರ್ಧ ನೊರೆಯಾಗಿ ಟ್ರೇ ಮೇಲೆ ಹರಿಯುತ್ತದೆ. 8ರಿಂದ 10 ಡಿಗ್ರಿಗೆ ಇಳಿಯದ ಬಾಟಲಿಯನ್ನು ನೆಲದಲ್ಲಿ ತೆರೆಯದೆ ಬಿಡುವುದೇ ಜಾಣತನ.

ಕಾನೂನಿನ ಕಡೆಯಿಂದ ಇನ್ನೆರಡು ಮಾತು. ಸುಂಕ ಬೇರೆ, ಮದ್ಯ ಕೊಡುವ ಪರವಾನಗಿ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಲೈಸೆನ್ಸಿಂಗ್ ಕಾಯ್ದೆ ಪ್ರಯಾಣದಲ್ಲಿರುವ ವಿಮಾನಕ್ಕೆ ಪರವಾನಗಿ ಬೇಡವೆನ್ನುತ್ತದೆ. ಹೊರಡುವ ಮುಂಚಿನ ಸಿದ್ಧತೆಯ ಹೊತ್ತನ್ನೂ ಪ್ರಯಾಣವೆಂದೇ ಎಣಿಸುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ ತದ್ವಿರುದ್ಧ ಹೊರಟಿತ್ತು. 2006ರಲ್ಲಿ ವಿಮಾನದಲ್ಲಿ ಕುಡಿದು ಇಳಿದವನೊಬ್ಬ ಕಾರು ಓಡಿಸಿ ಹಲವರ ಸಾವಿಗೆ ಕಾರಣನಾದ ಬಳಿಕ, ಯುಎಸ್ ಏರ್‌ವೇಸ್ ತನ್ನ ರಾಜ್ಯದ ಪರವಾನಗಿ ಪಡೆಯಬೇಕೆಂದು ಪಟ್ಟು ಹಿಡಿಯಿತು. 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ವಿಮಾನಯಾನ ಸುರಕ್ಷತೆ ಕೇಂದ್ರದ ಕ್ಷೇತ್ರ ಎಂದಿತಾದರೂ ಮದ್ಯ ನಿಯಂತ್ರಿಸುವ ರಾಜ್ಯದ ಅಧಿಕಾರದ ಪ್ರಶ್ನೆಯನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿತು. ಇಂಥ ಪ್ರಕರಣ ಒಂದಿದ್ದರೂ ಕಂಪನಿಯ ವಕೀಲರು "ನೆಲದಲ್ಲಿ ಬೇಡ" ಎನ್ನಲು ಸಾಕು. ಸೌದಿ, ಕುವೈತ್‌ನಂಥ ಪಾನನಿಷೇಧದ ನೆಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಸೌದಿಯಾ, ಕುವೈತ್ ಏರ್‌ವೇಸ್, ರಾಯಲ್ ಬ್ರೂನೈ ವಿಮಾನಗಳಲ್ಲಿ ಮೇಲೇರಿದ ಮೇಲೂ ಮದ್ಯವಿಲ್ಲ.

ಲೌಂಜಿನಲ್ಲೇ ಸಾಕಷ್ಟು ಹಾಕಿ ಬಂದವರ ವಿಷಯವೂ ಇದೆ. ಅಮಲೇರಿದವರಿಗೆ ಮದ್ಯ ಕೊಡುವಂತಿಲ್ಲ, ಅವರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ ಎನ್ನುತ್ತದೆ ಅಮೆರಿಕದ ನಿಯಮ 121.575. ಗೇಟಿನಲ್ಲಿ ಕೊಟ್ಟ ಗ್ಲಾಸು ಕೊನೆಯ ಹನಿಯಾಗಿ ಗಲಾಟೆ ಶುರುವಾದರೆ ಆ ವ್ಯಕ್ತಿಯನ್ನು ಇಳಿಸಬೇಕು, ವಿಮಾನದ ಹೊಟ್ಟೆಯೊಳಗಿನ ನೂರಾರು ಚೀಲಗಳಲ್ಲಿ ಅವರದ್ದನ್ನು ಹುಡುಕಿ ಅದನ್ನೂ ಇಳಿಸಬೇಕು. ಸರದಿ ತಪ್ಪಿದ ವಿಮಾನ ಆಮೇಲೆ ಎಷ್ಟು ಹೊತ್ತಿಗೆ ಹೊರಡುತ್ತದೋ ಯಾರೂ ಹೇಳಲಾರರು.

ನಮ್ಮ ತಕರಾರು ಕಂಪನಿಗಳ ಬಗ್ಗೆ ಇರುವುದು ಒಂದೇ. ಸುಂಕದ ಸೀಲು, ಸಮಯದ ಅಭಾವ, ವಕೀಲರ ಸಲಹೆ, ಯಾವ ಕಾರಣವಿದ್ದರೂ ಪ್ರಯಾಣಿಕರಿಗೆ ಸಿಗುವ ಉತ್ತರ "ಸುರಕ್ಷತೆಯ ದೃಷ್ಟಿಯಿಂದ" ಎಂಬುದು. ಆ ಮಾತಿಗೆ ಎದುರು ಮಾತಿಲ್ಲ ಎಂಬ ಕಾರಣಕ್ಕೇ ಅದನ್ನು ಬಳಸುತ್ತಾರೆ. ಇದರ ಬದಲು ಮೆನು ಕಾರ್ಡಿನಲ್ಲಿ ಒಂದು ಸಾಲು ಅಚ್ಚು ಹಾಕಿಸಲಿ: "ಈ ನಿಲ್ದಾಣದ ಸುಂಕ ನಿಯಮದಂತೆ ಮದ್ಯ ವಿಮಾನ ಮೇಲೇರಿದ ನಂತರ." ಪ್ರಯಾಣಿಕರೂ "ಶಾಂಪೇನ್ ಯಾಕಿಲ್ಲ" ಎಂದು ದಬಾಯಿಸುವ ಬದಲು "ಬಾರ್ ಸೀಲ್ ಆಗಿದೆಯೇ" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ನೇರ ಉತ್ತರ ಸಿಗುತ್ತದೆ. ಇಲ್ಲ ಎಂದರೆ ಕಾಯಿರಿ, ಸಂದಿ ಖಾಲಿಯಾದ ಮೇಲೆ ಬಂದೀತು.

ಇಂತಿ,
ವಿಮಾನ ಕೇಟರಿಂಗ್ ಬಲ್ಲ ಓದುಗರು