ಎಂಡೋಸ್ಕೋಪಿ ಸರಿಯಿದೆ ಅಂದರೆ ಮುಗೀತಾ?

ಶಿರಸಿ

ಪ್ರೀತಿಯ ರಘು,

ನಿನ್ನ ಆಯಿ ಕಾರವಾರದಿಂದ ಫೋನ್ ಮಾಡಿದ್ದಳು. ಎಂಡೋಸ್ಕೋಪಿ ಸರಿಯಿದೆ ಅಂತ ಬಂದ ಮೇಲೂ ಎದೆಯುರಿ ಬಿಟ್ಟಿಲ್ಲವಂತೆ. ಮೆಡಿಕಲ್ ಶಾಪಿನಿಂದ ಗ್ಯಾಸಿನ ಗುಳಿಗೆ ತಂದು ಆರು ತಿಂಗಳಿಂದ ನುಂಗುತ್ತಿದ್ದೀಯಂತೆ. ಮುರುಗಲು ನೀರು ಕುಡಿ ಎಂದು ನಿನಗೆ ಹೇಳಿದ್ದು ನಾನೇ. ಅದು ಇಷ್ಟು ದಿನ ಎಳೆಯುವ ಉರಿಗಲ್ಲ ಮಾರಾಯ.

ಬಾಯಿಂದ ಕ್ಯಾಮೆರಾದ ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಕಾಣುವುದು ಹುಣ್ಣು, ಗಾಯ, ಗಡ್ಡೆ ಇಂಥವು. ಎದೆಯುರಿ ಇರುವ ಅರ್ಧಕ್ಕಿಂತ ಹೆಚ್ಚು ಜನರ ಅನ್ನನಾಳ ಅದರಲ್ಲಿ ಚೊಕ್ಕವಾಗಿಯೇ ಕಾಣುತ್ತದೆ. ಹೊಟ್ಟೆಯ ಹುಳಿ ನಿಜಕ್ಕೂ ಅನ್ನನಾಳಕ್ಕೆ ಬರುತ್ತಿದೆಯಾ ಎಂದು ತಿಳಿಯಲು 24 ಗಂಟೆಯ ಪಿಎಚ್ ಪರೀಕ್ಷೆ ಬೇಕು. ಮೂಗಿನಿಂದ ಸಣ್ಣ ನಳಿಗೆ ಇಳಿಸಿ, ಸೊಂಟಕ್ಕೆ ಒಂದು ಡಬ್ಬಿ ಕಟ್ಟಿ ಮನೆಗೆ ಕಳಿಸುತ್ತಾರೆ. ಪಿಎಚ್ ಅಂದರೆ ಹುಳಿಯ ಅಳತೆ, ಅದು 4ಕ್ಕಿಂತ ಕೆಳಗಿಳಿದರೆ ಹುಳಿ ಬಂತೆಂದು ಲೆಕ್ಕ. ದಿನದ ನೂರು ಪಾಲಿನಲ್ಲಿ 4 ಪಾಲಿಗಿಂತ ಕಡಿಮೆ ಹೊತ್ತು ಹಾಗಿದ್ದರೆ ಸಹಜ, 6 ಪಾಲು ದಾಟಿದರೆ ಕಾಯಿಲೆ. ಊಟ, ನಿದ್ದೆ, ಉರಿ ಎಲ್ಲದಕ್ಕೂ ಆ ಡಬ್ಬಿಯ ಗುಂಡಿ ಒತ್ತಬೇಕು. ಎಲೆ-ಅಡಿಕೆ ಕವಳಕ್ಕೂ ಒತ್ತಬೇಕಾ ಎಂದು ಕೇಳಿದ್ದಕ್ಕೆ ನರ್ಸ್ ನಕ್ಕಿದ್ದಳು.

ನಾನು ಆ ಪರೀಕ್ಷೆಯನ್ನು ಎರಡು ಸಲ ಮಾಡಿಸಬೇಕಾಯಿತು. ಮೊದಲ ಸಲ ಗುಳಿಗೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿಯೇ ಹೋದೆ. ಹುಳಿಯೇ ಹುಟ್ಟದಂತೆ ಮಾಡಿಕೊಂಡು ಹುಳಿ ಹುಡುಕಿದರೆ ಏನು ಸಿಗುತ್ತದೆ? ದುಡ್ಡು ಹೋಯಿತು. ಮೂಗು ಉರಿದದ್ದು ಬೇರೆ. ಹುಳಿ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ ಗುಳಿಗೆಯನ್ನು ಸಾಮಾನ್ಯವಾಗಿ 7 ದಿನ ಮೊದಲೇ ಬಿಡಿಸುತ್ತಾರೆ. ನೀನು ಯಾವಾಗ ಬಿಡಬೇಕು ಎಂದು ಡಾಕ್ಟರ ಬಾಯಲ್ಲೇ ಕೇಳು.

ಅನ್ನ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದಾ? ಆಗುತ್ತಿದ್ದರೆ ಮುಚ್ಚಿಡಬೇಡ. ಅದಕ್ಕೆ ಮ್ಯಾನೊಮೆಟ್ರಿ ಅಂತಿದೆ, ಗುಟುಕು ಗುಟುಕಾಗಿ ನೀರು ಕುಡಿಸಿ ಅನ್ನನಾಳದ ಒತ್ತಡ ಅಳೆಯುತ್ತಾರೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವುದೂ ಉಂಟು. ಮರುದಿನ ಮಲ ಬೆಳ್ಳಗೆ ಹೋದರೆ ಗಾಬರಿಯಾಗಬೇಡ. ತೂಕ ಇಳಿದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಮಾತ್ರ ಒಂದು ದಿನವೂ ಕಾಯಬೇಡ. ಎದೆ ಹಿಂಡಿ ಬೆವರು ಬಂದರೆ ಗ್ಯಾಸ್ ಎಂದುಕೊಳ್ಳದೆ ಮೊದಲು ಇಸಿಜಿ ಮಾಡಿಸು.

ಡಾಕ್ಟರಿಗೆ ತೋರಿಸಲು ಹುಬ್ಬಳ್ಳಿಗೆ ಹೋಗುವ ಹಿಂದಿನ ದಿನ, ಸುತ್ತಾದರೂ ಸರಿ, ಇಲ್ಲಿಗೆ ಬಾ. ಹಳೆಯ ರಿಪೋರ್ಟು, ಗುಳಿಗೆಯ ಖಾಲಿ ಪಟ್ಟಿ ಎರಡೂ ತಾ. ಜೊತೆಗೆ ನಾನೂ ಬರುತ್ತೇನೆ.

ನಿನ್ನ ಅತ್ತೆ